ಹಾಡು ಕೇಳುತ್ತ ಕೆಲಸ: ಏಕಾಗ್ರತೆಯೋ, ಬರಿಯ ಹುರುಪೋ?

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗಣಕದ ಮುಂದೆ ಕುಳಿತ ಯುವಕ ಯುವತಿಯರ ಚಿತ್ರ ನಮಗೆಲ್ಲ ಪರಿಚಿತ. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಕಾಣುವ ಈ ರೂಢಿ ಈಗ ಕೊಪ್ಪಳ ಜಿಲ್ಲೆಯ ಕಾರಟಗಿಯಂಥ ಊರಿನ ಮನೆಗಳಿಗೂ ಬಂದಿದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಯ ಒಂದು ಕೈಯಲ್ಲಿ ಪುಸ್ತಕ, ಪಕ್ಕದಲ್ಲಿ ಮೊಬೈಲು, ಕಿವಿಯಲ್ಲಿ ಹಾಡು. ಏಕೆಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಹಾಡು ಇದ್ದರೆ ಏಕಾಗ್ರತೆ ಬರುತ್ತದೆ. ಪ್ರೋಗ್ರಾಮರುಗಳೂ ಹೀಗೇ ಕೆಲಸ ಮಾಡುತ್ತಾರಲ್ಲ!”

ಈ ಮಾತನ್ನು ನೀವು ಹೇಗೆ ಸ್ವೀಕರಿಸುತ್ತೀರಿ? ಕೆಲವು ಶಿಕ್ಷಕರು “ಹಾಡು ಕೇಳುತ್ತ ಓದಿದರೆ ತಲೆಗೇನು ಹತ್ತುತ್ತದೆ?” ಎಂದು ಗದರುತ್ತಾರೆ. ಕೆಲವರು “ಇರಬಹುದು” ಎಂದು ಸುಮ್ಮನಾಗುತ್ತಾರೆ. ಎರಡೂ ವೈಜ್ಞಾನಿಕ ಪ್ರತಿಕ್ರಿಯೆಗಳಲ್ಲ. ಒಂದು ಹೇಳಿಕೆ ನಮ್ಮ ಮುಂದಿದೆ, ಅದಕ್ಕೆ ಆಧಾರವೆಂದು ತೋರಿಸುವ ಪ್ರಯೋಗಗಳೂ ಇವೆ. ಆ ಪ್ರಯೋಗಗಳು ನಿಜವಾಗಿ ಹೇಳುವುದೇನು, ಹೇಳದಿರುವುದೇನು ಎಂದು ವಿಮರ್ಶಿಸಿ ನೋಡೋಣ.

ಬೀಸುವ ಕಲ್ಲಿನ ಮುಂದೆ

ಕೆಲಸಕ್ಕೆ ಹಾಡನ್ನು ಜೋಡಿಸಿದವರಲ್ಲಿ ಪ್ರೋಗ್ರಾಮರುಗಳು ಮೊದಲಿಗರೇನಲ್ಲ. ನಮ್ಮ ಅಜ್ಜಿಯರು ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನಲ್ಲಿ ಜೋಳ ಬೀಸುವಾಗ ಹಾಡುತ್ತಿದ್ದರು. ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಕುಟ್ಟುವಾಗ, ಕಳೆ ತೆಗೆಯುವಾಗ, ನಾಟಿ ಮಾಡುವಾಗಲೂ ಹಾಡುಂಟು.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಕಲ್ಲು ತಿರುಗಿಸುವುದನ್ನು ಕೈ ಕಲಿತುಬಿಟ್ಟಿದೆ. ಪ್ರತಿ ಸುತ್ತಿಗೂ ಯೋಚನೆ ಬೇಕಿಲ್ಲ. ಮನಸ್ಸು ಖಾಲಿ, ಬೇಸರ ಹೆಚ್ಚು. ಹಾಡು ಆ ಖಾಲಿ ಜಾಗವನ್ನು ತುಂಬುತ್ತದೆ, ಅದರ ಲಯ ಕೈಯ ಲಯಕ್ಕೆ ಹೊಂದಿಕೊಳ್ಳುತ್ತದೆ. ಹಾಗೆ ನೋಡಿದರೆ ಅಲ್ಲಿ ಹಾಡು ಹಿನ್ನೆಲೆಯಲ್ಲ. ಹಾಡೇ ಮುನ್ನೆಲೆ, ಬೀಸುವ ಕೆಲಸವೇ ಹಿನ್ನೆಲೆ!

ಕಾರ್ಖಾನೆಗಳು ಬಳಸಿಕೊಂಡದ್ದೂ ಇದೇ ಗುಣವನ್ನು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬಿ.ಬಿ.ಸಿ. ರೇಡಿಯೋ ಕಾರ್ಮಿಕರಿಗಾಗಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದು 1967ರವರೆಗೆ ನಡೆಯಿತು. ಒಂದೇ ಬಗೆಯ ಕೆಲಸವನ್ನು ದಿನವಿಡೀ ಮಾಡುವವರಿಗೆ ಬೇಸರ ಕಳೆಯುವುದು ಅದರ ಉದ್ದೇಶವಾಗಿತ್ತು.

ಆದರೆ ಕ್ರಮವಿಧಿ ಬರೆಯುವುದು ಬೀಸುವ ಕೆಲಸದಂಥದ್ದೇ? ಕೆಲವು ಭಾಗ ಹೌದು. ಗೊತ್ತಿರುವ ಸಾಲುಗಳನ್ನು ಬೆರಳಚ್ಚು ಮಾಡುವುದು, ಹೆಸರುಗಳನ್ನು ಬದಲಿಸುವುದು, ಪಟ್ಟಿ ಮಾಡುವುದು ಇವೆಲ್ಲ ಕೈಗೆ ರೂಢಿಯಾದ ಕೆಲಸಗಳು. ಆದರೆ “ಈ ಎಣಿಕೆ 0ಯಿಂದ ಶುರುವಾಗಬೇಕೋ 1ರಿಂದಲೋ? ಈ ಸಂಖ್ಯೆ ಋಣಾತ್ಮಕವಾದರೆ ಏನಾಗುತ್ತದೆ?” ಎಂದು ಹತ್ತಾರು ಸಂಗತಿಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿದುಕೊಳ್ಳುವ ಭಾಗ ಬೇರೆಯೇ. ಈ ಎರಡನ್ನೂ ‘ಪ್ರೋಗ್ರಾಮಿಂಗ್’ ಎಂದು ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ಪ್ರೋಗ್ರಾಮರುಗಳ ಮೇಲೆ ಎರಡು ಪ್ರಯೋಗಗಳು

ಟಾಮ್ ಡಿಮಾರ್ಕೊ ಮತ್ತು ತಿಮೋತಿ ಲಿಸ್ಟರ್ 1987ರಲ್ಲಿ ಪ್ರಕಟಿಸಿದ ‘ಪೀಪಲ್‌ವೇರ್’ ಎಂಬ ಪುಸ್ತಕ ತಂತ್ರಾಂಶ ಕ್ಷೇತ್ರದಲ್ಲಿ ಬಹಳ ಹೆಸರುವಾಸಿ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗವನ್ನು ಅದು ವಿವರಿಸುತ್ತದೆ. ಗಣಕ ವಿಜ್ಞಾನದ ವಿದ್ಯಾರ್ಥಿಗಳನ್ನು ‘ಕೆಲಸ ಮಾಡುವಾಗ ಸಂಗೀತ ಇಷ್ಟ’ ಎನ್ನುವವರು, ‘ಇಷ್ಟವಿಲ್ಲ’ ಎನ್ನುವವರು ಎಂದು ವಿಂಗಡಿಸಿದರು. ಎರಡೂ ಗುಂಪುಗಳಿಂದ ಅರ್ಧರ್ಧ ಜನರನ್ನು ನಿಶ್ಶಬ್ದ ಕೋಣೆಯಲ್ಲಿ, ಉಳಿದರ್ಧವನ್ನು ಇಯರ್‌ಫೋನ್ ಮೂಲಕ ಸಂಗೀತ ಕೇಳುವ ಕೋಣೆಯಲ್ಲಿ ಕೂರಿಸಿದರು. ಎಲ್ಲರಿಗೂ ಒಂದೇ ಸಮಸ್ಯೆ. ಅದಕ್ಕೆ ಫೋರ್ಟ್ರಾನ್ ಭಾಷೆಯಲ್ಲಿ ಕ್ರಮವಿಧಿ ಬರೆಯಬೇಕು.

ವೇಗದಲ್ಲೂ ನಿಖರತೆಯಲ್ಲೂ ಎರಡು ಕೋಣೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. “ನೋಡಿ, ಸಂಗೀತದಿಂದ ತೊಂದರೆಯಿಲ್ಲ” ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸಮಸ್ಯೆಯೊಳಗೆ ಒಂದು ಗುಟ್ಟಿತ್ತು. ಕೊಟ್ಟ ಸಂಖ್ಯೆಯ ಅಂಕಿಗಳನ್ನು ಎರಡು ಸ್ಥಾನ ಎಡಕ್ಕೆ ಸರಿಸಿ, ಆಮೇಲೆ 100ರಿಂದ ಭಾಗಿಸಿ ಎಂಬಂಥ ಅನೇಕ ಹಂತಗಳು ಅದರಲ್ಲಿದ್ದವು. 37 ಅನ್ನು ಎರಡು ಸ್ಥಾನ ಸರಿಸಿದರೆ 3700, ಅದನ್ನು 100ರಿಂದ ಭಾಗಿಸಿದರೆ ಮತ್ತೆ 37! ಎಲ್ಲ ಹಂತಗಳನ್ನೂ ಮುಗಿಸಿದರೆ ಕೊಟ್ಟ ಸಂಖ್ಯೆಯೇ ಉತ್ತರವಾಗಿ ಹೊರಬರುತ್ತಿತ್ತು. ಇಷ್ಟೆಲ್ಲ ಲೆಕ್ಕ ಮಾಡುವ ಅಗತ್ಯವೇ ಇರಲಿಲ್ಲ. ಇದನ್ನು ಕಂಡುಹಿಡಿದವರಲ್ಲಿ ಬಹುಪಾಲು ಜನ ನಿಶ್ಶಬ್ದ ಕೋಣೆಯವರು ಎನ್ನುತ್ತದೆ ಪುಸ್ತಕ.

ಎಷ್ಟು ಸೊಗಸಾದ ಪ್ರಯೋಗ! ಸಂಗೀತ ಕೇಳುತ್ತ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದರು, ಆದರೆ ಕೆಲಸದ ಅರ್ಥ ಹೊಳೆಯಲಿಲ್ಲ. ನಾವು ನಂಬಲು ಬಯಸುವಂಥ ಕಥೆ ಇದು. ಆದ್ದರಿಂದಲೇ ಹೆಚ್ಚು ಎಚ್ಚರ ಬೇಕು. ಪ್ರತಿ ಕೋಣೆಯಲ್ಲಿ ಎಷ್ಟು ಮಂದಿ ಇದ್ದರು? ಗುಟ್ಟು ಕಂಡವರು ನಿಖರವಾಗಿ ಎಷ್ಟು? ಪುಸ್ತಕದ ವಿವರಣೆಯಲ್ಲಿ ಈ ಅಂಕಿಗಳಿಲ್ಲ. ನಾಲ್ವರಲ್ಲಿ ಮೂವರೂ ಬಹುಪಾಲೇ, ನಲವತ್ತರಲ್ಲಿ ಮೂವತ್ತೂ ಬಹುಪಾಲೇ. ಮೊದಲನೆಯದು ಆಕಸ್ಮಿಕವಾಗಿರುವ ಸಾಧ್ಯತೆ ಬಹಳ, ಎರಡನೆಯದು ಹಾಗಾಗುವುದು ಅಪರೂಪ. ಅಂಕಿಯಿಲ್ಲದ ಫಲಿತಾಂಶ ಒಳ್ಳೆಯ ಪ್ರಶ್ನೆಯನ್ನು ಎತ್ತಬಲ್ಲದೇ ಹೊರತು ತೀರ್ಪು ಕೊಡಲಾರದು.

ಎರಡನೆಯ ಅಧ್ಯಯನ ಕೆನಡಾದ್ದು. ಟೆರೆಸಾ ಲೆಸ್ಯುಕ್ ಅಲ್ಲಿನ ನಾಲ್ಕು ತಂತ್ರಾಂಶ ಕಂಪನಿಗಳ 56 ಮಂದಿಯನ್ನು ಅವರ ಕೆಲಸದ ಜಾಗದಲ್ಲೇ ಐದು ವಾರ ಗಮನಿಸಿ, 2005ರಲ್ಲಿ ವರದಿ ಪ್ರಕಟಿಸಿದರು. ಸಂಗೀತವಿಲ್ಲದಿದ್ದಾಗ ಅವರ ಉಲ್ಲಾಸವೂ ಕೆಲಸದ ಗುಣಮಟ್ಟವೂ ಕಡಿಮೆಯಾದವು. ಸಂಗೀತವನ್ನು ಹಿಂತೆಗೆದುಕೊಂಡಾಗ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯಿತು. ಸಂಗೀತದ ಪರವಾಗಿ ವಾದಿಸುವವರು ಹೆಚ್ಚಾಗಿ ಉಲ್ಲೇಖಿಸುವುದು ಇದನ್ನೇ.

ಈ ಅಧ್ಯಯನದ ಬಲವೆಂದರೆ ಅದು ನಿಜವಾದ ಕಚೇರಿಗಳಲ್ಲಿ ನಡೆದದ್ದು. ದೌರ್ಬಲ್ಯವೂ ಇದೆ. ಗುಣಮಟ್ಟವನ್ನು ಅಳೆದದ್ದು ಕೆಲಸ ಮಾಡಿದವರ ಸ್ವಂತ ಅಂದಾಜಿನಿಂದ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ ಇದು. ಮನಸ್ಸು ಉಲ್ಲಾಸವಾಗಿದ್ದಾಗ ಕೆಲಸವೂ ಚೆನ್ನಾಗಿ ಆಗಿದೆ ಎನ್ನಿಸುವುದು ಸಹಜ. ಇನ್ನೊಂದು ಅಂಶ: ರೂಢಿಯಾದ ಹಾಡನ್ನು ಕಿತ್ತುಕೊಂಡರೆ ಆಗುವ ಕಿರಿಕಿರಿಯನ್ನು ‘ಸಂಗೀತದ ಲಾಭ’ ಎಂದು ಎಣಿಸಬಹುದೇ? ದಿನವೂ ಚಹಾ ಕುಡಿಯುವವರಿಗೆ ಒಂದು ದಿನ ಚಹಾ ತಪ್ಪಿದರೆ ತಲೆನೋವು ಬರುತ್ತದೆ. ಅಷ್ಟರಿಂದ ಚಹಾ ಬುದ್ಧಿ ಬೆಳೆಸುತ್ತದೆ ಎಂದು ಹೇಳಲಾಗದು.

ಮೊಜಾರ್ಟ್ ಕಲಿಸಿದ ಪಾಠ

ಸಂಗೀತ ಬುದ್ಧಿಯನ್ನೇ ಹೆಚ್ಚಿಸುತ್ತದೆ ಎಂಬ ನಂಬಿಕೆಗೆ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಲೇಖನ. ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸಿಸ್ ರಾಶರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್ ರಚಿಸಿದ ಪಿಯಾನೊ ಸಂಗೀತವನ್ನು 10 ನಿಮಿಷ ಕೇಳಿಸಿದರು. ಆಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ತಿರುಗಿಸುವಂಥ ಪರೀಕ್ಷೆ ಕೊಟ್ಟರು. ಬುದ್ಧಿಮಾನಕದ ಲೆಕ್ಕದಲ್ಲಿ 8ರಿಂದ 9 ಅಂಕ ಹೆಚ್ಚಾಯಿತು. ಆ ಪರಿಣಾಮ ಉಳಿದದ್ದು 10–15 ನಿಮಿಷ ಮಾತ್ರ ಎಂದು ಸಂಶೋಧಕರೇ ಬರೆದಿದ್ದರು.

ಪತ್ರಿಕೆಗಳೂ ವ್ಯಾಪಾರಿಗಳೂ ಈ ಕೊನೆಯ ವಾಕ್ಯವನ್ನು ಮರೆತರು. ‘ಮೊಜಾರ್ಟ್ ಕೇಳಿದರೆ ಮಕ್ಕಳು ಬುದ್ಧಿವಂತರಾಗುತ್ತಾರೆ’ ಎಂಬ ಪ್ರಚಾರ ಹಬ್ಬಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಸರ್ಕಾರದ ಹಣ ಕೇಳಿದರು. ಮರುವರ್ಷವೇ ಕ್ರಿಸ್ಟೋಫರ್ ಷಾಬ್ರಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಚ್ಚಳ ಒಂದೂವರೆ ಅಂಕವನ್ನೂ ಮುಟ್ಟಲಿಲ್ಲ. 2010ರಲ್ಲಿ ವಿಯೆನ್ನಾದ ಸಂಶೋಧಕರು ಸುಮಾರು 40 ಅಧ್ಯಯನಗಳ, 3000ಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಪರಿಶೀಲಿಸಿದರು. ಮೊಜಾರ್ಟ್ ಸಂಗೀತಕ್ಕೆಂದೇ ಇರುವ ವಿಶೇಷ ಶಕ್ತಿಗೆ ಆಧಾರ ಸಿಗಲಿಲ್ಲ.

ಹಾಗಾದರೆ ಮೊದಲ ಪ್ರಯೋಗದಲ್ಲಿ ಆ ಹೆಚ್ಚಳ ಬಂದದ್ದು ಹೇಗೆ? ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ ಮತ್ತು ಸಂಗಡಿಗರು ಇದಕ್ಕೆ ಸರಳ ಉತ್ತರ ಕಂಡುಕೊಂಡರು. ಸಂಗೀತದ ಬದಲು ಕಥೆಯೊಂದನ್ನು ಕೇಳಿಸಿದಾಗ, ಕಥೆ ಇಷ್ಟಪಟ್ಟವರು ಕಥೆ ಕೇಳಿದ ಮೇಲೆ ಹೆಚ್ಚು ಅಂಕ ಪಡೆದರು, ಸಂಗೀತ ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ. ಎಂದರೆ ಕೆಲಸ ಮಾಡಿದ್ದು ಮೊಜಾರ್ಟ್ ಅಲ್ಲ, ಮನಸ್ಸಿನ ಹುರುಪು. ತೂಕಡಿಸುತ್ತಿದ್ದವನು ಎಚ್ಚರಗೊಂಡರೆ ಲೆಕ್ಕವನ್ನು ಚೆನ್ನಾಗಿಯೇ ಮಾಡುತ್ತಾನೆ. ಇನ್ನೊಂದು ಮುಖ್ಯ ಅಂಶವೂ ಇಲ್ಲಿದೆ: ಈ ಪ್ರಯೋಗಗಳಲ್ಲಿ ಸಂಗೀತ ಕೇಳಿಸಿದ್ದು ಪರೀಕ್ಷೆಗೆ ಮೊದಲು, ಪರೀಕ್ಷೆ ಬರೆಯುವಾಗ ಅಲ್ಲ. ಹಿನ್ನೆಲೆ ಸಂಗೀತಕ್ಕೆ ಇದನ್ನು ಆಧಾರವಾಗಿ ತೋರಿಸುವುದೇ ತಪ್ಪು.

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ

ಹಾಗಾದರೆ ಕೆಲಸ ಮಾಡುವಾಗಲೇ ಕಿವಿಗೆ ಬೀಳುವ ಶಬ್ದದ ಪರಿಣಾಮವೇನು? ಇದನ್ನು ಮನೋವಿಜ್ಞಾನಿಗಳು ಒಂದು ಸರಳ ಪರೀಕ್ಷೆಯಿಂದ ಅಳೆಯುತ್ತಾರೆ. ಏಳೆಂಟು ಅಕ್ಷರ ಅಥವಾ ಅಂಕಿಗಳನ್ನು ಒಂದಾದ ಮೇಲೊಂದರಂತೆ ತೋರಿಸಿ, ಅದೇ ಕ್ರಮದಲ್ಲಿ ಬರೆಯಲು ಹೇಳುತ್ತಾರೆ. ನೀವೇ ಮಾಡಿ ನೋಡಿ: ಅಂಕಿಗಳನ್ನು ನೆನಪಿಡುವಾಗ ಅವನ್ನು ಮನಸ್ಸಿನಲ್ಲೇ ಉಚ್ಚರಿಸುತ್ತಿರುತ್ತೀರಿ. ತಕ್ಷಣದ ಬಳಕೆಗೆ ಬೇಕಾದ್ದನ್ನು ಹಿಡಿದಿಡುವ ಈ ಶಕ್ತಿಗೆ ಕಾರ್ಯಸ್ಮೃತಿ ಎಂದು ಹೆಸರು. ಅದರ ಒಳದನಿಯ ಭಾಗಕ್ಕೂ ಹೊರಗಿನ ಶಬ್ದಕ್ಕೂ ತಿಕ್ಕಾಟ ನಡೆಯುತ್ತದೆ.

1976ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬ ಸಂಶೋಧಕರು ಜರ್ಮನ್ ಬಾರದವರಿಗೆ ಜರ್ಮನ್ ಓದನ್ನು ಹಿನ್ನೆಲೆಯಲ್ಲಿ ಕೇಳಿಸಿದರು. ಅರ್ಥವಾಗದಿದ್ದರೂ, ಅದನ್ನು ಕಡೆಗಣಿಸಿ ಎಂದು ಹೇಳಿದ್ದರೂ ನೆನಪಿನ ತಪ್ಪುಗಳು ಹೆಚ್ಚಾದವು. 1989ರಲ್ಲಿ ಸಲಾಮೆ ಮತ್ತು ಬ್ಯಾಡ್‌ಲಿ, ಬರಿಯ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆ ಹೆಚ್ಚು ಅಡ್ಡಿಮಾಡುತ್ತದೆ ಎಂದು ತೋರಿಸಿದರು. “ನನಗೆ ಇಷ್ಟವಾದ ಹಾಡು ಅಡ್ಡಿಯಾಗುವುದಿಲ್ಲ” ಎಂಬ ವಾದವನ್ನು ನಿಕ್ ಪೆರಾಮ್ ಮತ್ತು ಜೋವಾನ್ ವಿಝಾರ್ಡ್ 2011ರಲ್ಲಿ ಪರೀಕ್ಷಿಸಿದರು. ಇಷ್ಟದ ಸಂಗೀತವಿದ್ದಾಗಲೂ ಇಷ್ಟವಿಲ್ಲದ್ದು ಇದ್ದಾಗಲೂ ನಿಶ್ಶಬ್ದದಲ್ಲಿ ಮಾಡಿದ್ದಕ್ಕಿಂತ ಫಲಿತಾಂಶ ಕೆಳಗಿತ್ತು.

ಅಡ್ಡಿ ಮಾಡುವುದು ಶಬ್ದದ ಜೋರಿಗಿಂತ ಹೆಚ್ಚಾಗಿ ಅದರ ಏರಿಳಿತ. ಡೈಲನ್ ಜೋನ್ಸ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ‘ಕ, ಕ, ಕ’ ಎಂದು ಒಂದೇ ಸಮನೆ ಬರುವ ಶಬ್ದಕ್ಕಿಂತ ‘ಕ, ಜ, ಮ’ ಎಂದು ಬದಲಾಗುವ ಶಬ್ದ ಹೆಚ್ಚು ತೊಂದರೆ ಕೊಟ್ಟಿತು. ಫ್ಯಾನಿನ ಗುಂಯ್‌ಗುಡುವಿಕೆ ಸ್ವಲ್ಪ ಹೊತ್ತಿಗೆ ಕೇಳಿಸದಂತಾಗುತ್ತದೆ, ಪಕ್ಕದ ಮನೆಯ ಮಾತು ಮಾತ್ರ ಸಣ್ಣದಾದರೂ ಕಿವಿ ಹಿಡಿದೆಳೆಯುತ್ತದೆ. ಕಾರಣ ಇದೇ.

ಜರ್ಮನಿಯ ಕೆಂಪ್ಫೆ ಮತ್ತು ಸಂಗಡಿಗರು 2011ರಲ್ಲಿ ಹಿನ್ನೆಲೆ ಸಂಗೀತದ ಅಧ್ಯಯನಗಳನ್ನೆಲ್ಲ ಕಲೆಹಾಕಿದಾಗ ಒಟ್ಟು ಪರಿಣಾಮ ಸೊನ್ನೆಯ ಹತ್ತಿರ ಬಂತು. ಆದರೆ ಈ ಸೊನ್ನೆ ‘ಏನೂ ಆಗುವುದಿಲ್ಲ’ ಎಂಬ ಸೊನ್ನೆಯಲ್ಲ. +5 ಮತ್ತು –5 ಕೂಡಿ ಬಂದಂಥ ಸೊನ್ನೆ. ಓದಿಗೆ ಅಡ್ಡಿ, ನೆನಪಿಗೆ ಅಲ್ಪ ಅಡ್ಡಿ, ಉಲ್ಲಾಸಕ್ಕೂ ಆಟೋಟಕ್ಕೂ ಸಹಾಯ. ಬೀಸುವ ಕಲ್ಲಿನ ಅಜ್ಜಿಯೂ ಕಾರ್ನೆಲ್‌ನ ನಿಶ್ಶಬ್ದ ಕೋಣೆಯ ವಿದ್ಯಾರ್ಥಿಯೂ ಒಂದೇ ಕೋಷ್ಟಕದಲ್ಲಿ ಸೇರಿದಾಗ ಸರಾಸರಿ ಹೀಗಲ್ಲದೆ ಇನ್ನು ಹೇಗೆ ಬಂದೀತು?

‘ಆಲ್ಫಾ ಅಲೆ’ಗಳ ಅಂಗಡಿ

ಏಕಾಗ್ರತೆಯ ಹೆಸರಿನಲ್ಲಿ ಮೊಬೈಲಿನಲ್ಲಿ ಸಿಗುವ ಧ್ವನಿಗಳಲ್ಲಿ ‘ಆಲ್ಫಾ ಅಲೆ’ ಎಂಬ ಹಣೆಪಟ್ಟಿ ಹೊತ್ತವು ಬಹಳ. ಆಲ್ಫಾ ಎಂಬುದು ಮಿದುಳಿನ ವಿದ್ಯುತ್ ಚಟುವಟಿಕೆಯ ಒಂದು ಲಯ, ಸೆಕೆಂಡಿಗೆ ಸುಮಾರು 8ರಿಂದ 13 ಆವರ್ತ. ಮನುಷ್ಯನ ಕಿವಿ ಕೇಳಬಲ್ಲದ್ದು ಸುಮಾರು 20 ಹರ್ಟ್ಸ್‌ನಿಂದ ಮೇಲೆ. ಹಾಗಾದರೆ 10 ಹರ್ಟ್ಸ್ ಧ್ವನಿಯನ್ನು ಇಯರ್‌ಫೋನಿನಲ್ಲಿ ಕೇಳುವುದು ಹೇಗೆ? ಇದಕ್ಕೆ ಒಂದು ಉಪಾಯವಿದೆ. ಎಡಗಿವಿಗೆ 200, ಬಲಗಿವಿಗೆ 210 ಹರ್ಟ್ಸ್ ಧ್ವನಿ ಕೊಟ್ಟರೆ ಮಿದುಳಿಗೆ ಸೆಕೆಂಡಿಗೆ 10 ಸಲ ಏರಿಳಿಯುವ ಮಿಡಿತ ಕೇಳಿದಂತಾಗುತ್ತದೆ. ಇದು ನಿಜವಾದ, ಸ್ವಾರಸ್ಯಕರವಾದ ವಿದ್ಯಮಾನ. ಆದರೆ ಮಿಡಿತ ಕೇಳಿಸಿತು ಎಂಬುದರಿಂದ ಏಕಾಗ್ರತೆ ಹೆಚ್ಚಿತು ಎಂಬುದು ಸಿದ್ಧವಾಗುವುದಿಲ್ಲ. ಅಲ್ಲದೆ ಆಲ್ಫಾ ಲಯ ಎದ್ದು ಕಾಣುವುದು ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿದ್ದಾಗ. ಲೆಕ್ಕ ಬಿಡಿಸಲು ಕುಳಿತ ವಿದ್ಯಾರ್ಥಿಗೆ ಅದನ್ನೇ ಮದ್ದೆಂದು ಮಾರುವುದು ವಿಚಿತ್ರವಲ್ಲವೆ?

ಗದ್ದಲಕ್ಕೆ ಮದ್ದೇ?

ಇಷ್ಟಾದರೂ ಇಯರ್‌ಫೋನ್ ಹಾಕಿಕೊಳ್ಳುವ ವಿದ್ಯಾರ್ಥಿಯ ಪರವಾಗಿ ಒಂದು ಬಲವಾದ ವಾದ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಹೋಲಿಕೆ ಸಂಗೀತಕ್ಕೂ ನಿಶ್ಶಬ್ದಕ್ಕೂ ನಡುವೆ. ಆದರೆ ನಿಶ್ಶಬ್ದ ಎಲ್ಲಿದೆ?

ಕಾರಟಗಿಯನ್ನೇ ನೋಡಿ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರಿನಿಂದ ಇದು ಭತ್ತದ ಸೀಮೆಯಾಯಿತು. ಭತ್ತದ ಹಿಂದೆ ರೈಸ್ ಮಿಲ್ಲುಗಳು, ಲಾರಿಗಳು ಬಂದವು. ಮದುವೆ, ಜಾತ್ರೆ, ಚುನಾವಣೆಗಳ ಧ್ವನಿವರ್ಧಕಗಳು ಎಲ್ಲ ಊರುಗಳಂತೆ ಇಲ್ಲೂ ಇವೆ. ಒಂದೇ ಕೋಣೆಯಲ್ಲಿ ಟಿ.ವಿ., ಅಡುಗೆ, ಓದು ಎಲ್ಲವೂ ನಡೆಯುವ ಮನೆಗಳೂ ಕಡಿಮೆಯಲ್ಲ. ಬೆಂಗಳೂರಿನ ಕಚೇರಿಗಳಲ್ಲೂ ಗೋಡೆಗಳಿಲ್ಲದ ಹಜಾರದಲ್ಲಿ ನೂರಾರು ಜನ ಕೂರುತ್ತಾರೆ. ಅಲ್ಲಿನ ಪ್ರೋಗ್ರಾಮರ್ ಹಾಡು ಹಚ್ಚುವುದು ಎಷ್ಟೋ ವೇಳೆ ಹಾಡಿಗಾಗಿ ಅಲ್ಲ, ಪಕ್ಕದವರ ಮಾತು ಮುಚ್ಚಲು. ಏರಿಳಿತ ಕಡಿಮೆಯಿರುವ, ಮಾತಿಲ್ಲದ ಧ್ವನಿ ಇತರ ಮಾತುಗಳನ್ನು ಮರೆಮಾಡುತ್ತದೆ ಎಂಬುದು ನಿಜ. ಈ ಕೆಲಸಕ್ಕೆ ಮಳೆಯ ಸದ್ದು ಸಾಕು, ಸಿನಿಮಾ ಹಾಡು ಬೇಕಿಲ್ಲ.

ಆದರೆ ಇದಕ್ಕೆ ತೆರುವ ಬೆಲೆಯನ್ನೂ ತಿಳಿದಿರಬೇಕು. ಹೊರಗಿನ ಗದ್ದಲವನ್ನು ಮುಚ್ಚಲು ಒಳಗಿನ ಧ್ವನಿಯನ್ನು ಅದಕ್ಕಿಂತ ಏರಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಧ್ವನಿಯನ್ನು ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಹೆಚ್ಚಿದಾಗ ಧ್ವನಿಯ ಶಕ್ತಿ ಎರಡು ಪಟ್ಟಾಗುವುದರಿಂದ ಸುರಕ್ಷಿತ ಸಮಯ ಅರ್ಧವಾಗುತ್ತದೆ. ವಯಸ್ಕರ ಲೆಕ್ಕದಲ್ಲಿ 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಕೇವಲ 5. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಈ ಚರ್ಚೆಯಲ್ಲಿ ಮರೆಯಾಗುವ ಮುಖ್ಯ ಪ್ರಶ್ನೆ ಇದು: ಮಗುವಿಗೆ ಓದಲು ಶಾಂತ ಜಾಗ ಒದಗಿಸುವ ಹೊಣೆ ಯಾರದು? 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್, ನಿಶ್ಶಬ್ದ ವಲಯಕ್ಕೆ 50 ಮತ್ತು 40 ಎಂಬ ಮಿತಿಗಳಿವೆ. ಶಾಲೆಯ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. 2017ರ ತಿದ್ದುಪಡಿಯ ನಂತರ ಇದಕ್ಕೆ ರಾಜ್ಯ ಸರ್ಕಾರದ ಅಧಿಸೂಚನೆ ಅಗತ್ಯ. ನಿಮ್ಮ ಶಾಲೆಯ ಸುತ್ತಲಿನ ಪ್ರದೇಶ ಆ ಪಟ್ಟಿಯಲ್ಲಿದೆಯೇ? ವಿಚಾರಿಸಿ ನೋಡಿ. ಸಂಜೆ ಎರಡು ಗಂಟೆ ಶಾಲೆಯ ಒಂದು ಕೋಣೆಯನ್ನು ಓದಿಗಾಗಿ ತೆರೆದಿಡುವುದು ಯಾವ ‘ಆಲ್ಫಾ ಅಲೆ’ಗಿಂತಲೂ ಹೆಚ್ಚು ಉಪಕಾರಿ.

ನಿಮ್ಮ ತರಗತಿಯಲ್ಲೇ ಪರೀಕ್ಷಿಸಿ

ಇಲ್ಲಿ ಬರೆದದ್ದನ್ನೂ ಹಾಗೆಯೇ ನಂಬಬೇಕಿಲ್ಲ. ಒಂದು ಮೊಬೈಲು, ಕಾಗದ, ಗಡಿಯಾರ ಇದ್ದರೆ ಪ್ರಯೋಗ ಮಾಡಬಹುದು.

ಪ್ರತಿ ಪಟ್ಟಿಯಲ್ಲಿ 8 ಅಂಕಿಗಳಿರುವಂತೆ 15 ಪಟ್ಟಿಗಳನ್ನು ಚೀಟಿ ಎತ್ತಿ ತಯಾರಿಸಿ. ಸೆಕೆಂಡಿಗೆ ಒಂದರಂತೆ ಅಂಕಿಗಳನ್ನು ಫಲಕದ ಮೇಲೆ ತೋರಿಸಿ. 10 ಸೆಕೆಂಡು ಬಿಟ್ಟು ಅದೇ ಕ್ರಮದಲ್ಲಿ ಬರೆಯಲು ಹೇಳಿ. ಐದು ಪಟ್ಟಿ ನಿಶ್ಶಬ್ದದಲ್ಲಿ, ಐದು ವಾದ್ಯಸಂಗೀತದೊಂದಿಗೆ, ಐದು ಕನ್ನಡ ಹಾಡಿನೊಂದಿಗೆ. ಸರಿಯಾದ ಸ್ಥಾನದಲ್ಲಿರುವ ಅಂಕಿಗೆ ಮಾತ್ರ ಒಂದು ಅಂಕ.

ಕ್ರಮದ ವಿಷಯದಲ್ಲಿ ಎಚ್ಚರ ಬೇಕು. ಎಲ್ಲರಿಗೂ ನಿಶ್ಶಬ್ದವೇ ಕೊನೆಯಲ್ಲಿ ಬಂದರೆ, ಆ ಹೊತ್ತಿಗೆ ಅವರು ಪಳಗಿರುತ್ತಾರೆ ಅಥವಾ ದಣಿದಿರುತ್ತಾರೆ. ಆದ್ದರಿಂದ ತರಗತಿಯನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕ್ರಮದಲ್ಲಿ ನಡೆಸಿ. ಧ್ವನಿಯ ಮಟ್ಟ ಎಲ್ಲಕ್ಕೂ ಒಂದೇ ಇರಲಿ.

ಎರಡನೆಯ ದಿನ ಕೆಲಸ ಬದಲಿಸಿ. ಹಳೆಯ ವೃತ್ತಪತ್ರಿಕೆಯ ಒಂದೊಂದು ಅಂಕಣ ಕೊಟ್ಟು, 5 ನಿಮಿಷದಲ್ಲಿ ‘ಕ’ ಅಕ್ಷರ ಕಂಡಲ್ಲೆಲ್ಲ ಹೊಡೆದುಹಾಕಲು ಹೇಳಿ. ಇದು ಬೀಸುವ ಕಲ್ಲಿನಂಥ ಕೆಲಸ. ಎರಡೂ ದಿನ ಆರಂಭದಲ್ಲೇ “ಯಾವುದರಲ್ಲಿ ಹೆಚ್ಚು ಅಂಕ ಬರುತ್ತದೆ ಎಂದು ನಿನಗೆ ಅನ್ನಿಸುತ್ತದೆ?” ಎಂದು ಪ್ರತಿ ವಿದ್ಯಾರ್ಥಿಯಿಂದ ಬರೆಸಿಡಿ. ಕೊನೆಯಲ್ಲಿ ಅನಿಸಿಕೆಯನ್ನೂ ಅಂಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಪ್ರಯೋಗದ ತಿರುಳು. ಕೆಲವು ಮಕ್ಕಳ ಫಲಿತಾಂಶ ಸರಾಸರಿಗೆ ವಿರುದ್ಧವಾಗಿ ಬಂದರೆ ಅದನ್ನು ಅಳಿಸಬೇಡಿ. ಅದೂ ಒಂದು ಮಾಹಿತಿಯೇ.

ಕೊನೆಯ ಮಾತು

ಹಿನ್ನೆಲೆ ಸಂಗೀತ ಬುದ್ಧಿಯನ್ನು ಹೆಚ್ಚಿಸುವ ಮಂತ್ರವಲ್ಲ, ಕೆಡಿಸುವ ವಿಷವೂ ಅಲ್ಲ. ಅದು ಹುರುಪು ಕೊಡುತ್ತದೆ, ಬೇಸರ ಕಳೆಯುತ್ತದೆ, ಕೆಲವೊಮ್ಮೆ ಗದ್ದಲವನ್ನು ಮುಚ್ಚುತ್ತದೆ. ಹುರುಪನ್ನು ಏಕಾಗ್ರತೆ ಎಂದು ತಿಳಿಯುವುದೇ ತಪ್ಪು. ನಕ್ಷೆಗೆ ಬಣ್ಣ ತುಂಬುವಾಗ, ಟಿಪ್ಪಣಿ ನಕಲು ಮಾಡುವಾಗ ಹಾಡು ಇರಲಿ. ಹೊಸ ಪಾಠ ಓದುವಾಗ, ಸೂತ್ರ ನೆನಪಿಡುವಾಗ, ಲೆಕ್ಕದ ಎಳೆ ಹಿಡಿಯುವಾಗ ಅದನ್ನು ನಿಲ್ಲಿಸಿ. ಓದಲು ಕೂರುವ ಮೊದಲು ಎರಡು ಹಾಡು ಕೇಳಿದರೂ ಹುರುಪಿನ ಲಾಭ ಸಿಗುತ್ತದೆ.

ಮುಂದೆ ಪ್ರೋಗ್ರಾಮರ್ ಆಗಬಯಸುವ ವಿದ್ಯಾರ್ಥಿಗೆ ಇನ್ನೂ ಒಂದು ಮಾತು. ಹೇಳಿದ ಹಂತಗಳನ್ನು ತಪ್ಪಿಲ್ಲದೆ ಬರೆಯುವುದನ್ನು ಈಗ ಯಂತ್ರಗಳೂ ಮಾಡತೊಡಗಿವೆ. ಆ ಹಂತಗಳ ಅಗತ್ಯವೇ ಇಲ್ಲ, ಕೊಟ್ಟ ಸಂಖ್ಯೆಯೇ ಉತ್ತರ ಎಂದು ಗುರುತಿಸುವುದಕ್ಕೆ ಬೇಕಾದ ಗಮನವನ್ನು ನೀವು ಯಾವ ಶಬ್ದದ ನಡುವೆ ಬೆಳೆಸಿಕೊಳ್ಳುತ್ತಿದ್ದೀರಿ? ಅಳೆದು ನೋಡಿ, ಆಮೇಲೆ ನಿರ್ಧರಿಸಿ.